ಎಂಟರಲ್ಲಿ ಮುಗಿದ ಬೆಲೆ

"ಅತ್ತೆಗೆ ಈಗ ಏನೂ ಕಾಣಿಸ್ತಿಲ್ಲ," ಎಂದಳು ಕಡ್ಡಿ.

ಗೋಡೆಯಗಲದ ಪರದೆಯ ಮೇಲೆ ಬೆಳಗ್ಗೆಯಿಂದ ಏಣಿ ಹತ್ತುವಂತೆ ಹತ್ತುತ್ತಿದ್ದ ಲಾಭದ ಗೆರೆ ಈಗ ಹಾಸಿಗೆ ಹಿಡಿದಿತ್ತು. ಒಂದಿಷ್ಟು ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು, ಬಿದ್ದಲ್ಲೇ ಹೊರಳುತ್ತಿತ್ತು. ಕೋಣೆಯಲ್ಲಿದ್ದ ಮೂವರೂ ಅದನ್ನೇ ನೋಡುತ್ತ ಕೂತಿದ್ದರು.

ಅತ್ತೆ ಎಂದರೆ ಯಾರ ಅತ್ತೆಯೂ ಅಲ್ಲ. ಕಂಪ್ಯೂಟರಿನೊಳಗೆ ಕೂತು ತಾನೇ ಷೇರು ಕೊಳ್ಳುವ, ತಾನೇ ಮಾರುವ ಒಂದು ವ್ಯವಸ್ಥೆ. ಬಾಗಿಲು ತಟ್ಟುವ ಮೊದಲೇ ಬಂದವರು ಯಾರು, ಯಾಕೆ ಬಂದರು, ಊಟಕ್ಕೆ ನಿಲ್ಲುತ್ತಾರೋ ಇಲ್ಲವೋ ಎಂದು ಬಲ್ಲವಳು ಅತ್ತೆಯಲ್ಲದೆ ಇನ್ಯಾರು ಎಂದು ಕಚೇರಿಯವರೇ ಇಟ್ಟ ಹೆಸರು ಅದು. ಹಳೆಯ ವರ್ಷಗಳ ಬೆಲೆಗಳನ್ನು ದಿನಕ್ಕೊಂದರಂತೆ ಅದರ ಮುಂದಿಟ್ಟು, ಮರುದಿನದ್ದನ್ನು ಮುಚ್ಚಿಟ್ಟು, ಈಗ ಏನು ಕೊಳ್ಳುತ್ತೀಯ ಎಂದು ಕೇಳಿದರೆ, ಮರುದಿನವನ್ನು ನೋಡಿಕೊಂಡು ಬಂದವರ ಹಾಗೆ ಉತ್ತರ ಕೊಡುತ್ತಿತ್ತು.

ಆ ಉತ್ತರವನ್ನು ನಂಬಿ, ದಾದಿಯರ ಸಂಘ ತನ್ನ ನಿವೃತ್ತಿ ನಿಧಿಯನ್ನು ಇಡಿಯಾಗಿ ಇವತ್ತು ಸಂಜೆ ಅತ್ತೆಯ ಕೈಗೆ ಒಪ್ಪಿಸುವುದರಲ್ಲಿತ್ತು. ಸಹಿ ಹಾಕಬೇಕಾದ ಸಂಘದ ಅಧ್ಯಕ್ಷೆ ಕಡ್ಡಿಯ ಚಿಕ್ಕಮ್ಮ. ಸಹಿಗೆ ಮೊದಲು ನನ್ನ ಅಕ್ಕನ ಮಗಳು ಒಮ್ಮೆ ನೋಡಲಿ ಎಂದು ಆಕೆ ಹಟ ಹಿಡಿದದ್ದರಿಂದಲೇ ಕಡ್ಡಿ ಇಲ್ಲಿಗೆ ಬಂದಿದ್ದಳು. ಇಂಥ ವ್ಯವಸ್ಥೆಗಳನ್ನು ಒರೆಗೆ ಹಚ್ಚಿ ನೋಡುವುದೇ ಅವಳ ಕಸುಬು. ಮೈಯೂ ಕಡ್ಡಿ, ಮಾತೂ ಕಡ್ಡಿ ಮುರಿದ ಹಾಗೆ.

"ಏನು ಮಾಡಿದ್ರಿ ಮೇಡಂ?" ಅತ್ತೆಯನ್ನು ಕಟ್ಟಿದ ಯಜಮಾನ ಕೇಳಿದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಮಾತಾಡುತ್ತಿದ್ದ ಅವನನ್ನು ಪೇಟೆಯಲ್ಲಿ ಎಲ್ಲರೂ ಬೆಣ್ಣೆ ಸಾಹೇಬ ಎನ್ನುತ್ತಿದ್ದರು. ಮೇಜಿನ ಮೇಲಿದ್ದ ಬೀಗದ ಕೈ ಗೊಂಚಲನ್ನು ಅವನ ಬೆರಳು ಅತ್ತಿಂದಿತ್ತ ಜರುಗಿಸುತ್ತಿತ್ತು.

"ಕೊನೇ ಅಂಕೆ ಮೂರು ಇರೋ ಬೆಲೆಗಳನ್ನ ತೆಗೆದೆ. ಬೇರೇನೂ ಮುಟ್ಟಿಲ್ಲ."

"ಅವೆಷ್ಟಿವೆ ಮಹಾ? ಸಮುದ್ರದಲ್ಲಿ ಒಂದು ಬೊಗಸೆ."

"ಹೌದು. ಅತ್ತೆಯ ಜಾಣತನ ಪೂರ್ತಿ ಆ ಬೊಗಸೇಲಿತ್ತು."

ಇದನ್ನು ಹೇಳುವಾಗ ಕಡ್ಡಿಗೆ ಗೆದ್ದ ಖುಷಿ ಆಗಲಿಲ್ಲ. ಮೈ ಜುಮ್ಮೆಂದಿತು. ಯಾವ ಮನುಷ್ಯನೂ ಹೇಳಿಕೊಡದ ಒಂದು ಗುಟ್ಟನ್ನು ಈ ವ್ಯವಸ್ಥೆ ತಾನಾಗಿಯೇ, ಲಕ್ಷಾಂತರ ಅಂಕೆಗಳ ನಡುವೆ ಮೂಸಿ ಮೂಸಿ, ಪತ್ತೆ ಹಚ್ಚಿತ್ತು. ಅವಳ ಕಸುಬಿನಲ್ಲಿ ಇಷ್ಟು ಚಂದದ ಪತ್ತೇದಾರಿಕೆಯನ್ನು ಮನುಷ್ಯರೂ ಮಾಡಿದ್ದನ್ನು ಅವಳು ಕಂಡಿರಲಿಲ್ಲ.

ಬಾಗಿಲು ಸರಿಸಿಕೊಂಡು ಚಹಾದ ಅಕ್ಕ ಬಂದಳು. ಮೂರು ಚಹಾ ಇಳಿಸಿದ ಮೇಲೂ ಅವಳ ತಟ್ಟೆಯಲ್ಲಿ ಮುಚ್ಚಳ ಹಾಕಿದ ಒಂದು ಲೋಟ ಉಳಿಯಿತು. ಅದರಿಂದ ಲವಂಗದ ಘಾಟು ತೆಳ್ಳಗೆ ಏಳುತ್ತಿತ್ತು.

"ಇದ್ಯಾರಿಗೆ?" ಎಂದರು ಚಿಕ್ಕಮ್ಮ.

"ಕೆಳಗಿನ ಮಹಡಿಯವರಿಗಮ್ಮ. ಬಿಸಿನೀರು, ಲವಂಗ. ಚಹಾ ಬೇಡವಂತೆ."

ಚಿಕ್ಕಮ್ಮನ ಕಣ್ಣು ಆ ಲೋಟದ ಮೇಲೇ ನಿಂತಿತು. ಬೆಣ್ಣೆ ಸಾಹೇಬ ಚಹಾದ ಅಕ್ಕನನ್ನು ಕಣ್ಣಲ್ಲೇ ಹೊರಗೆ ಕಳಿಸಿದ.

"ಮೂರರ ಕತೆ ಹೇಳಿ ಮೇಡಂ," ಎಂದ. "ನನಗೂ ಕಲಿಯೋ ಆಸೆ."

ಕಡ್ಡಿ ಚಿಕ್ಕಮ್ಮನ ಕಡೆ ತಿರುಗಿದಳು. ಹೇಳಬೇಕಾದದ್ದು ಆಕೆಗೆ.

"ಚಿಕ್ಕಮ್ಮ, ಇಲ್ಲಿ ಬೆಲೆಗಳು ಐದೈದು ಪೈಸೆಯ ಹೆಜ್ಜೆ ಇಡ್ತವೆ. ಯಾವ ಷೇರಿನ ಬೆಲೆ ನೋಡಿದ್ರೂ ಕೊನೇ ಅಂಕೆ ಸೊನ್ನೆ ಇರುತ್ತೆ, ಇಲ್ಲಾ ಐದು ಇರುತ್ತೆ. ಮೂರು ಅನ್ನೋದು ಪೇಟೇಲಿ ಹುಟ್ಟೋದೇ ಇಲ್ಲ."

"ಮತ್ತೆ ಎಲ್ಲಿಂದ ಬಂತು?"

"ನಮ್ಮ ಚಿಕ್ಕಪ್ಪ ಬರೆದದ್ದು."

ಚಿಕ್ಕಮ್ಮನ ಕೈಯಲ್ಲಿದ್ದ ಚಹಾ ಬಟ್ಟಲು ಅಲ್ಲೇ ನಿಂತಿತು.

ಕಡ್ಡಿಯ ಚಿಕ್ಕಪ್ಪನನ್ನು ಪೇಟೆಯವರು ಜರಡಿ ಎನ್ನುತ್ತಿದ್ದರು. ಹಳೆಯ ಬೆಲೆಗಳನ್ನು ಶುಚಿ ಮಾಡಿ ಮಾರುವುದು ಅವರ ಕೆಲಸ. ಬೆಲೆಗಳಲ್ಲಿ ಎಷ್ಟು ಬಗೆಯ ಕಸ ಸೇರುತ್ತದೆ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಯಾರೋ ದಶಮಾಂಶದ ಚುಕ್ಕಿಯನ್ನು ಒಂದು ಮನೆ ಆಚೆ ಇಟ್ಟಿರುತ್ತಾರೆ. ರದ್ದಾದ ವ್ಯಾಪಾರ ಲೆಕ್ಕದಲ್ಲೇ ಉಳಿದಿರುತ್ತದೆ. ಒಂದು ಷೇರನ್ನು ಎರಡಾಗಿ ಒಡೆದ ದಿನ ಬೆಲೆ ಅರ್ಧಕ್ಕೆ ಇಳಿದು, ಕಂಪನಿ ಮುಳುಗಿತೇನೋ ಎಂಬಂತೆ ಕಾಣುತ್ತದೆ. ಅದನ್ನೆಲ್ಲ ಹಾಗೇ ತಿನ್ನಿಸಿದರೆ ಎಂಥ ಪೆದ್ದ ವ್ಯವಸ್ಥೆಯೂ ಪರೀಕ್ಷೆಯಲ್ಲಿ ಕೋಟ್ಯಧೀಶ ಆಗಿಬಿಡುತ್ತದೆ.

ರಜೆ ಬಂತೆಂದರೆ ಕಡ್ಡಿ ಅವರ ಮೇಜಿನ ಎದುರೇ ಇರುತ್ತಿದ್ದಳು. "ವಿಚಿತ್ರ ಕಂಡ ಕೂಡ್ಲೇ ಅಳಿಸ್ಬೇಡ," ಎನ್ನುತ್ತಿದ್ದರು ಅವರು. "ಪೇಟೆಗೆ ಒಂದೊಂದು ಸಲ ನಿಜವಾಗ್ಲೂ ಹುಚ್ಚು ಹಿಡಿಯುತ್ತೆ. ಹುಚ್ಚನ್ನೆಲ್ಲ ತೊಳೆದುಬಿಟ್ರೆ ನಿನ್ನ ಯಂತ್ರ ಗಾಳಿ ಮಳೆ ಕಾಣದ ಮಗು ಆಗುತ್ತೆ. ಮೊದಲ ಗುಡುಗಿಗೇ ಹೆದರಿ ಸಾಯುತ್ತೆ."

ಹೋದ ಬೇಸಿಗೆಯಲ್ಲಿ ಒಳ್ಳೆಯ ಕೆಲಸವೊಂದು ಸಿಕ್ಕಿದೆ ಎಂದು ಮನೆಯಿಂದ ಹೊರಟ ಚಿಕ್ಕಪ್ಪ ವಾಪಸು ಬರಲಿಲ್ಲ. ಪೊಲೀಸರು ಹುಡುಕುವಷ್ಟು ಹುಡುಕಿ ಕೈ ಚೆಲ್ಲಿದರು. ಚಿಕ್ಕಮ್ಮ ಮಾತ್ರ ಇವತ್ತಿಗೂ ಅವರ ಚಪ್ಪಲಿ ಒರೆಸಿ ಇಡುತ್ತಾರೆ.

"ಕೆಲವು ಸಣ್ಣ ಷೇರುಗಳು ದಿನಗಟ್ಟಲೆ ಯಾರ ಕೈಗೂ ಹೋಗಲ್ಲ," ಕಡ್ಡಿ ಮುಂದುವರಿಸಿದಳು. "ಆ ದಿನಕ್ಕೆ ಬೆಲೆನೇ ಇರಲ್ಲ. ಗಿರಾಕಿಗಳು ಖಾಲಿ ಬಿಟ್ರೆ ಗಲಾಟೆ ಮಾಡ್ತಿದ್ರು, ಅದಕ್ಕೆ ಚಿಕ್ಕಪ್ಪ ತುಂಬ್ತಿದ್ರು. ಮುಂಚೆ ನೂರು, ಆಮೇಲೆ ನೂರಿಪ್ಪತ್ತು ಅಂತಿಟ್ಕೋ. ನಡುವಿನ ಖಾಲಿಗೆ ನೂರ ಹತ್ತು. ಆದ್ರೆ ಇದು ನಾನು ತುಂಬಿದ್ದು, ಪೇಟೆಯದ್ದಲ್ಲ ಅಂತ ಮುಂದಿನವರಿಗೆ ಗೊತ್ತಾಗ್ಲಿ ಅಂತ ಪೈಸೆಯ ಕೊನೇ ಅಂಕೆಗೆ ಮೂರು ಹಾಕ್ತಿದ್ರು. ಪ್ರಾಮಾಣಿಕತೆಗೆ ಇಟ್ಟ ಗುರುತು ಅದು."

"ಒಳ್ಳೇದೇ ಅಲ್ವಾ?" ಎಂದರು ಚಿಕ್ಕಮ್ಮ.

"ಒಳ್ಳೇದೇ. ಆದ್ರೆ ಆ ನೂರ ಹತ್ತು ಎಲ್ಲಿಂದ ಬಂತು ಯೋಚನೆ ಮಾಡು. ಮುಂದೆ ಬರೋ ನೂರಿಪ್ಪತ್ತನ್ನ ನೋಡಿ ತಾನೇ ಬರೆದದ್ದು? ಅಂದ್ರೆ ಆ ಅಂಕೆಯೊಳಗೆ ನಾಳೆ ಅರ್ಧ ಕೂತಿದೆ. ಮೂರರಲ್ಲಿ ಮುಗಿಯೋ ಬೆಲೆ ನಿನ್ನೆಗಿಂತ ಮೇಲಿದ್ರೆ, ನಾಳೆ ಇನ್ನೂ ಮೇಲಿರುತ್ತೆ. ಕೆಳಗಿದ್ರೆ, ಇನ್ನೂ ಕೆಳಗೆ. ತಪ್ಪೋದೇ ಇಲ್ಲ. ಅತ್ತೆ ಕಂಡ್ಕೊಂಡಿದ್ದು ಇದನ್ನ. ಅವಳಿಗೆ ಪೇಟೆ ಅರ್ಥ ಆಗಿಲ್ಲ, ಚಿಕ್ಕಮ್ಮ. ಚಿಕ್ಕಪ್ಪ ಅರ್ಥ ಆಗಿದ್ದಾರೆ."

ಚಿಕ್ಕಮ್ಮ ಎದ್ದು ಪರದೆಯ ಹತ್ತಿರ ಹೋದರು. ತೆಗೆದುಹಾಕಿದ ಬೆಲೆಗಳು ಒಂದು ಮೂಲೆಯಲ್ಲಿ ಸಾಲಾಗಿ ಬಿದ್ದಿದ್ದವು. ಎಲ್ಲದರ ಕೊನೆಯಲ್ಲೂ ಮೂರು. ಗಂಡ ಬದುಕಿನುದ್ದಕ್ಕೂ ಮೇಜಿನ ಮುಂದೆ ಬೆನ್ನು ಬಗ್ಗಿಸಿ ಮಾಡಿದ್ದು ಏನೆಂದು ಆಕೆ ಮೊದಲ ಸಲ ನೋಡುತ್ತಿದ್ದರು. ಗಾಜಿಗೆ ಬೆರಳು ತಾಗಿಸಿ, ಒಂದೊಂದೇ ಮೂರನ್ನು ಸವರಿ, ಕಣ್ಣೀರು ಒರೆಸಿಕೊಳ್ಳದೆ ನಿಂತರು.

"ಇಷ್ಟೂ ಅವರೇ ಬರೆದದ್ದಾ?"

"ಇಷ್ಟೂ."

"ಮನೇಲಿ ಒಂದು ಚೀಟಿ ಬರಿ ಅಂದ್ರೆ ಪೆನ್ನಿಲ್ಲ ಅಂತಿದ್ರು."

ಬೆಣ್ಣೆ ಸಾಹೇಬ ಕೆಮ್ಮಿದ. ಅವನ ಮುಖ ಇಂಗು ತಿಂದ ಮಂಗನ ಹಾಗಾಗಿರುತ್ತದೆ ಎಂದುಕೊಂಡಿದ್ದ ಕಡ್ಡಿಗೆ ಅಲ್ಲಿ ಕಂಡದ್ದು ನಗು.

"ಭಲೇ ಮೇಡಂ. ಹಳೇ ಬೆಲೆಗಳಲ್ಲಿ ದೋಷ ಇತ್ತು, ಒಪ್ಪಿದೆ. ನನಗೂ ಗೊತ್ತಿರ್ಲಿಲ್ಲ. ಆದ್ರೆ ನಾನು ಅಷ್ಟಕ್ಕೇ ನಿಂತಿಲ್ಲವಲ್ಲ. ನೇರ ಪರೀಕ್ಷೆ ನಡೀತಾ ಇದೆ. ಅಂದಂದಿನ ಬೆಲೆ ಪೇಟೆಯಿಂದ ಬರ್ತಿದ್ದ ಹಾಗೇ ಅತ್ತೆ ಮುಂದೆ ಬೀಳುತ್ತೆ. ಹಣ ಹಾಕಿಲ್ಲ, ಲೆಕ್ಕ ಮಾತ್ರ. ಅಲ್ಲೂ ಗೆಲ್ತಿದ್ದಾಳೆ. ಬರದೇ ಇರೋ ನಾಳೆಯನ್ನ ಯಾವ ಜರಡಿ ತುಂಬೋಕೆ ಸಾಧ್ಯ?"

ಮಾತು ಸರಿಯಾಗಿತ್ತು. ಇವತ್ತಿನ ಖಾಲಿಯನ್ನು ತುಂಬಬೇಕಾದರೆ ನಾಳೆಯ ಬೆಲೆ ಬೇಕು. ನಾಳೆ ಯಾರ ಹತ್ತಿರವೂ ಇಲ್ಲ.

"ಹುಡುಕಿ ನೋಡಿ," ಎಂದ ಅವನು. "ನೇರ ಪರೀಕ್ಷೇಲಿ ಒಂದೇ ಒಂದು ಮೂರು ಸಿಕ್ರೆ ನಾನೇ ಒಪ್ಪಂದ ಹರಿದು ಹಾಕ್ತೀನಿ. ಸಿಗದಿದ್ರೆ ಅಮ್ಮ ಸಹಿ ಹಾಕ್ಲಿ."

"ಆಗ್ಲಿ," ಎಂದರು ಚಿಕ್ಕಮ್ಮ, ಕಡ್ಡಿ ಬಾಯಿ ಬಿಡುವ ಮೊದಲೇ.

ಕಡ್ಡಿ ನೇರ ಪರೀಕ್ಷೆಯ ಬೆಲೆಗಳನ್ನು ತೆರೆದು ಮೂರನ್ನು ಹುಡುಕಿದಳು. ಸಿಗಲಿಲ್ಲ. ಸೊನ್ನೆ ಮತ್ತು ಐದನ್ನು ಬಿಟ್ಟು ಬೇರೆ ಏನಾದರೂ ಇದೆಯೇ ಎಂದು ಹುಡುಕಿದಳು.

ಪರದೆಯ ತುಂಬ ಎಂಟರಲ್ಲಿ ಮುಗಿಯುವ ಬೆಲೆಗಳು ಬಂದವು.

 ಅದೇ ಸಣ್ಣ ಷೇರುಗಳು, ಅದೇ ನಡುವಿನ ಬೆಲೆ, ಅದೇ ಕೈ. ಕೊನೆಯ ಅಂಕೆ ಮಾತ್ರ ಬೇರೆ.

"ಮೂರು ನಂದು," ಎಂದು ಚಿಕ್ಕಪ್ಪ ಆ ಮೇಜಿನ ಎದುರು ಕೂರಿಸಿಕೊಂಡು ಹೇಳಿದ್ದರು. "ನೀನು ತುಂಬಿದ್ದಕ್ಕೆ ಎಂಟು ಹಾಕು. ನಾಳೆ ಎಡವಟ್ಟಾದ್ರೆ ಯಾರಿಗೆ ಬೈಬೇಕು ಅಂತ ಗೊತ್ತಾಗ್ಬೇಕಲ್ಲ." ಆ ಮಾತು ಆ ಮೇಜು ದಾಟಿ ಹೊರಗೆ ಹೋಗಿರಲಿಲ್ಲ. ಎಂಟು ಕಡ್ಡಿಯ ಗುರುತು.

"ಮೂರು ಸಿಕ್ತಾ ಮೇಡಂ?"

"ಇಲ್ಲ."

"ನೋಡಿ ಅಮ್ಮ," ಬೆಣ್ಣೆ ಸಾಹೇಬ ಪೆನ್ನಿನ ಮುಚ್ಚಳ ತೆಗೆದು ಚಿಕ್ಕಮ್ಮನ ಮುಂದಿಟ್ಟ. ಆಮೇಲೆ, ಕಡ್ಡಿಯ ಕಣ್ಣು ಎಲ್ಲಿ ನೆಟ್ಟಿದೆ ಎಂದು ಗಮನಿಸಿ, ಈಗಷ್ಟೇ ಕಣ್ಣಿಗೆ ಬಿದ್ದ ಹಾಗೆ ಪರದೆಯ ಕಡೆ ಬೆರಳು ತೋರಿಸಿದ. "ಅದೇನದು, ಎಂಟು? ಅದ್ಯಾರ ಗುರುತು?"

ಕಡ್ಡಿಗೆ ಅರ್ಥವಾಯಿತು. ಯಾರದೋ ಗೊತ್ತಿಲ್ಲ ಎಂದರೆ ಅವನು ಬೆಲೆ ಕಳಿಸುವವರ ಸಣ್ಣ ದೋಷ ಎಂದು ತೇಲಿಸುತ್ತಾನೆ, ನಿಧಿ ಹೋಗುತ್ತದೆ. ನನ್ನದು ಎಂದರೆ ಅವಳೇ ಕಳ್ಳಿ. ಕಳ್ಳಿಯ ಮಾತು ಕೇಳಿ ಸಂಘದವರು ಯಾಕೆ ಹಿಂದೆ ಸರಿಯುತ್ತಾರೆ? ಎರಡು ದಾರಿಯೂ ಅವನ ಬಾಗಿಲಿಗೇ ಹೋಗುತ್ತಿದ್ದವು.

ಚಿಕ್ಕಮ್ಮ ಪಕ್ಕಕ್ಕೆ ಬಂದು ಕೂತು ಕಡ್ಡಿಯ ಮಣಿಕಟ್ಟು ಹಿಡಿದರು. ದಾದಿಯಾಗಿದ್ದವರ ಅಭ್ಯಾಸ ಅದು. ಮನೆಯಲ್ಲಿ ಯಾರು ಸುಳ್ಳು ಹೇಳಿದರೂ ಮೊದಲು ನಾಡಿ ನೋಡುತ್ತಿದ್ದರು.

"ಓಡ್ತಾ ಇದೆ," ಎಂದರು ಮೆಲ್ಲಗೆ. "ಏನಿದೆಯೋ ಹೇಳಿಬಿಡು ಮಗಾ."

ಎಷ್ಟೋ ದಾದಿಯರು ಹಗಲೂ ರಾತ್ರಿ ಪರರ ಹಾಸಿಗೆಯ ಪಕ್ಕ ನಿಂತು ಕೂಡಿಟ್ಟ ಮುಪ್ಪಿನ ಗಂಜಿ ಆ ನಿಧಿ. ಈ ಕೈ ಹಿಡಿದಿದ್ದಾಗ ಸುಳ್ಳು ಹೇಳಲು ಕಡ್ಡಿಯ ನಾಲಿಗೆ ಹೊರಳಲಿಲ್ಲ.

"ಎಂಟು ನಂದು."

ಬೆಣ್ಣೆ ಸಾಹೇಬ ಬೆನ್ನು ಒರಗಿಸಿದ. "ಅಯ್ಯೋ ಪಾಪ. ಅಮ್ಮ, ನೀವು ಕಾವಲಿಗೆ ಕರ್ಕೊಂಡು ಬಂದದ್ದು ಇವರನ್ನೇ. ನಮ್ಮ ಬೆಲೆಗಳಿಗೆ ಕೈ ಹಾಕಿ, ಈಗ ಬಂದು ದೋಷ ಇದೆ ಅಂತಾರೆ. ಯಾರು ಎಷ್ಟು ಕೊಟ್ರು ಅಂತ ನಾನು ಕೇಳಲ್ಲ. ಮನೆ ಮಗಳು, ಹೊಟ್ಟೆಗೆ ಹಾಕ್ಕೊಳ್ಳಿ. ಆದ್ರೆ ಅವರ ಮಾತು..."

ಅವನ ಮಾತು ಅರ್ಧಕ್ಕೆ ನಿಂತಿತು. ಚಿಕ್ಕಮ್ಮ ಅವನನ್ನು ನೋಡುತ್ತಿರಲಿಲ್ಲ.

ಪರದೆಯ ಕೆಳಗಿನ ಸಾಲಿನಲ್ಲಿ ಹೊಸದೊಂದು ಬೆಲೆ ಮೂಡಿತ್ತು. ಕೊನೆಯ ಅಂಕೆ ಎಂಟು. ಸ್ವಲ್ಪ ತಡೆದು ಇನ್ನೊಂದು. ಅದರ ಕೊನೆಯಲ್ಲೂ ಎಂಟು.

ಕಡ್ಡಿಯ ಒಂದು ಕೈ ಚಿಕ್ಕಮ್ಮನ ಹಿಡಿತದಲ್ಲಿತ್ತು. ಇನ್ನೊಂದು ಮೇಜಿನ ಮೇಲೆ ಎಲ್ಲರ ಕಣ್ಣೆದುರು ಅಂಗಾತ ಬಿದ್ದಿತ್ತು. ಯಾರೋ ಎಲ್ಲೋ ಕೂತು, ಈ ಗಳಿಗೆಯಲ್ಲಿ, ಅವಳ ಗುರುತು ಹಾಕುತ್ತಿದ್ದರು. ಆ ಗುರುತನ್ನು ಬಲ್ಲ ಇನ್ನೊಂದು ಜೀವ ಲೋಕದಲ್ಲಿ ಒಂದೇ ಒಂದು ಇತ್ತು.  ಬರಿಯ ಅಂಕೆಗಳ ಸಾಲು ಹೆಸರು ಹಿಡಿದು ಕರೆಯಬಲ್ಲದು ಎಂದು ಅವಳಿಗೆ ಗೊತ್ತಿರಲಿಲ್ಲ.

"ನಿನ್ನ ಕೈ ಇಲ್ಲೇ ಇದೆ," ಎಂದರು ಚಿಕ್ಕಮ್ಮ, ಪುಟ್ಟ ಮಗುವಿಗೆ ಹೇಳುವ ಹಾಗೆ.

"ಹೂಂ."

"ಮತ್ತೆ ನಾಳೆ ಯಾರಿಗೂ ಗೊತ್ತಿಲ್ಲ ಅಂದ್ರಲ್ಲ ಇವರು. ತುಂಬೋರು ಹೇಗೆ ತುಂಬ್ತಾರೆ?"

ಆ ಪ್ರಶ್ನೆ ಬಿದ್ದದ್ದೇ ತಡ, ಕಡ್ಡಿಯ ತಲೆಯೊಳಗೆ ಬೀಗ ತೆರೆದಂತಾಯಿತು. ನಾಳೆ ಗೊತ್ತಿರುವುದು ಒಬ್ಬನಿಗೆ ಮಾತ್ರ ಸಾಧ್ಯ. ಇವತ್ತನ್ನು ನೋಡುತ್ತ ಕೂತು, ನಿನ್ನೆಯ ಖಾಲಿಯನ್ನು ತುಂಬುವವನಿಗೆ.

ಬರುವಾಗ ಬಾಗಿಲಲ್ಲೇ ಕಚೇರಿಯವರು ಇಬ್ಬರ ಫೋನೂ ಇಸಿದುಕೊಂಡಿದ್ದರು, ಗುಟ್ಟು ಹೊರಗೆ ಹೋಗಬಾರದೆಂದು. ಬಿಸಿಲು ಹೊಡೆಯುತ್ತದೆಂದು ಕಿಟಕಿಯ ಪರದೆ ಇಳಿಸಿದ್ದರು. ಕಡ್ಡಿ ಎದ್ದು ಹೋಗಿ ಹಗ್ಗ ಎಳೆದಳು. ಬೆಳಕು ಒಳಗೆ ಸುರಿಯಿತು. ರಸ್ತೆಯಾಚೆ ಬ್ಯಾಂಕಿನ ನೆತ್ತಿಯ ಮೇಲೆ ದೊಡ್ಡ ಷೇರುಗಳ ಇವತ್ತಿನ ಬೆಲೆಗಳು ಕೆಂಪು ದೀಪಗಳಲ್ಲಿ ಹರಿದುಹೋಗುತ್ತಿದ್ದವು.

"ಚಿಕ್ಕಮ್ಮ, ಅಲ್ಲಿ ಉಕ್ಕಿನ ಕಂಪನಿಯದು ಎಷ್ಟಿದೆ ಓದು."

ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಓದಿದರು. ಕಡ್ಡಿ ಗೋಡೆಯ ಪರದೆಯ ಮೇಲಿನದನ್ನು ಓದಿದಳು. ಎರಡಕ್ಕೂ ಸಂಬಂಧವಿರಲಿಲ್ಲ. ಆದರೆ ಗೋಡೆಯ ಮೇಲಿದ್ದ ಬೆಲೆ ಕಡ್ಡಿಗೆ ಚೆನ್ನಾಗಿ ನೆನಪಿತ್ತು. ನಿನ್ನೆ ಮಧ್ಯಾಹ್ನ ಇದೇ ಹೊತ್ತಿನಲ್ಲಿ ಆ ಬೆಲೆಯನ್ನು ಅವಳು ತನ್ನ ಮನೆಯಲ್ಲೇ ಕೂತು ನೋಡಿದ್ದಳು.

"ಇದು ನೇರ ಪರೀಕ್ಷೆ ಅಲ್ಲ. ಬೆಲೆಗಳನ್ನ ಒಂದು ದಿನ ತಡೆದಿಟ್ಟು ಬಿಡ್ತಿದ್ದಾರೆ. ಈ ಕೋಣೇಲಿ ಇನ್ನೂ ನಿನ್ನೆ ನಡೀತಿದೆ."

ಚಿಕ್ಕಮ್ಮ ಕಿಟಕಿಯನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು. ಒಂದೇ ಕೋಣೆಯ ಎರಡು ಕಡೆ ಎರಡು ದಿನ. ಆಕೆ ಮೂಗಿನ ಮೇಲೆ ಬೆರಳಿಟ್ಟರು. ಆಮೇಲೆ ತೆರೆದಿದ್ದ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನಾಚೆ ತಳ್ಳಿದರು.

"ಬೆಲೆ ಕಳಿಸೋರ ಕಡೆ ಏನೋ ಎಡವಟ್ಟಾಗಿದೆ," ಎಂದು ಬೆಣ್ಣೆ ಸಾಹೇಬ ಎದ್ದ. ದನಿ ಈಗಲೂ ನಯವಾಗಿಯೇ ಇತ್ತು. "ಕೂತಿರಿ. ವಿಚಾರಿಸ್ಕೊಂಡು ಬಂದೆ."

ಅವನು ಹೊರಗೆ ಹೋದ. ಅವನ ಬೆನ್ನಿಗೇ ಚಹಾದ ಅಕ್ಕ ಬಟ್ಟಲು ತೆಗೆಯಲು ಬಂದಳು. ಚಿಕ್ಕಮ್ಮನ ಬಟ್ಟಲಿನಲ್ಲಿ ಚಹಾ ಹಾಗೇ ಕೆನೆಗಟ್ಟಿತ್ತು.

"ಕುಡಿದೇ ಇಲ್ವಲ್ಲಮ್ಮ."

"ಕೆಳಗಿನ ಮಹಡಿಯವರು ಬಿಸಿನೀರು ಕುಡಿದ್ರಾ?" ಎಂದರು ಚಿಕ್ಕಮ್ಮ.

"ಕುಡೀತಾರೆ, ಪಾಪ. ದಿನಾ ಇದೇ ಹೊತ್ತಿಗೆ ಅದೇ."

"ಲವಂಗ ಜಜ್ಜಬಾರದು, ಇಡಿಯಾಗಿ ಹಾಕ್ಬೇಕು ಅಂತಾರಾ?"

ಚಹಾದ ಅಕ್ಕ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಹೌದು. ಒಂದು ಸಲ ಜಜ್ಜಿ ಹಾಕಿದ್ದೆ, ಲೋಟ ಹಾಗೇ ವಾಪಸು ಬಂತು. ನಿಮಗೆ ಹೇಗೆ ಗೊತ್ತು?"

"ಮದುವೆ ಆದಾಗಿನಿಂದ ನಾನೂ ಹಾಗೇ ಮಾಡಿಕೊಟ್ಟಿದ್ದೀನಿ." ಚಿಕ್ಕಮ್ಮ ಚಹಾದ ಅಕ್ಕನ ಹತ್ತಿರ ಬಂದರು.  "ನೋಡೋಕೆ ಹೇಗಿದ್ದಾರೆ?"

"ನೋಡಿಲ್ಲಮ್ಮ. ಬಾಗಿಲಿನ ಕೆಳಗೊಂದು ಕಿಂಡಿ ಇದೆ, ಅದರಲ್ಲಿ ಇಟ್ಟು ಬರ್ತೀನಿ. ಹೊರಗಿನಿಂದ ಬೀಗ ಹಾಕಿರುತ್ತೆ. ಗುಟ್ಟಿನ ಕೆಲಸ, ಒಳಗೆ ಯಾರೂ ಹೋಗ್ಬಾರದು ಅಂತ ಸಾಹೇಬ್ರು ಹೇಳಿದ್ದಾರೆ. ಬೀಗದ ಕೈ ಅವರ ಹತ್ರಾನೇ ಇರೋದು."

ಕಡ್ಡಿ ಮೇಜಿನ ಕಡೆ ತಿರುಗಿದಳು. ಗೊಂಚಲು ಅಲ್ಲಿರಲಿಲ್ಲ.

ಹೊರಗೆ ಲಿಫ್ಟು ಗುಂಯ್‌ಗುಡುತ್ತ ಇಳಿಯಿತು, ಒಂದೇ ಮಹಡಿ ಇಳಿದು ನಿಂತಿತು. ಚಿಕ್ಕಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿದ್ದರು.

"ಮೆಟ್ಟಿಲು ಯಾವ ಕಡೆ?"

ಚಹಾದ ಅಕ್ಕ ಕೈ ತೋರಿಸಿದಳು. ಓಡುವ ಮೊದಲು ಕಡ್ಡಿ ಒಮ್ಮೆ ಹಿಂತಿರುಗಿ ಪರದೆಯನ್ನು ನೋಡಿದಳು. ದೊಡ್ಡ ಷೇರುಗಳ ಬೆಲೆಗಳು ಮೊದಲಿನ ಹಾಗೇ ಬಂದು ಬೀಳುತ್ತಿದ್ದವು. ಕೊನೆಯ ಸಾಲಿನ ಸಣ್ಣ ಷೇರಿನ ಎದುರು ಒಂದು ಖಾಲಿ ಮನೆ ಮಿನುಗುತ್ತ ಕಾಯುತ್ತಿತ್ತು. ಅದನ್ನು ಯಾರೂ ತುಂಬಲಿಲ್ಲ.